ಗುಂಗುರು ಕೂದಲಿನ ಹುಡುಗಿ ತಲೆ ಎತ್ತಿದ ಕಥೆ

ಯಲ್ಲಾಪುರದ ಬಸ್ ನಿಲ್ದಾಣ. ಬೆಳಗಿನ ಎಂಟೂಕಾಲು ಗಂಟೆ. ಹುಬ್ಬಳ್ಳಿ ಕಡೆಯಿಂದ ಬಂದ ಬಸ್ಸು ನಿಂತಿದೆ. ಕಂಡಕ್ಟರು ಚಾ ಕುಡಿಯಲು ಇಳಿದಿದ್ದಾರೆ. ಕಿಟಕಿ ಪಕ್ಕ ಕೂತ ಪರ ಊರಿನ ಗೃಹಸ್ಥರೊಬ್ಬರು, ಹತ್ತಿರ ನಿಂತ ಹುಡುಗಿಯ ತಲೆಯನ್ನೇ ನೋಡಿದರು, ನೋಡಿದರು, ಕೊನೆಗೆ ತಡೆಯಲಾರದೆ ಇಂಗ್ಲಿಷಿನಲ್ಲಿ ಕೇಳಿಯೇ ಬಿಟ್ಟರು: ನಿಮ್ಮದು ಯಾವ ದೇಶ?

ಹುಡುಗಿ ಅಚ್ಚಗನ್ನಡದಲ್ಲಿ ಉತ್ತರ ಕೊಟ್ಟಳು.

“ಇದೇ ದೇಶ ಸ್ವಾಮಿ, ಯಲ್ಲಾಪುರ ತಾಲೂಕು. ಆ ಚೀಲ ಸ್ವಲ್ಪ ತೆಗೀರಿ, ನಾನೂ ಕೂರ್ತೇನೆ.”

ಬಸ್ಸಿಗೆ ಬಸ್ಸೇ ನಕ್ಕಿತು. ವಿಶೇಷ ಏನೆಂದರೆ, ಈ ಸಲ ನಕ್ಕಿದ್ದು ಅವಳನ್ನು ನೋಡಿ ಅಲ್ಲ!

ಎರಡು ವರ್ಷದ ಹಿಂದೆ ಆಗಿದ್ದರೆ ಆಕೆ ಬಾಯಿ ಬಿಡುತ್ತಿರಲಿಲ್ಲ. ದುಪಟ್ಟಾವನ್ನು ತಲೆ ಮೇಲೆ ಬಿಗಿಯಾಗಿ ಎಳೆದುಕೊಂಡು ಹಿಂದಿನ ಸೀಟಿಗೆ ಹೋಗಿ ಕೂರುತ್ತಿದ್ದಳು. ಸಿದ್ದಿ ಕೇರಿಯ ಹುಡುಗಿ, ಕಾಲೇಜಿನ ಕೊನೆಯ ವರ್ಷ. ಹೆಸರು ಮಾತ್ರ ಪತ್ರಿಕೆಯಲ್ಲಿ ಬೇಡ ಎಂದು ಅವಳೇ ಹೇಳಿದ್ದಾಳೆ. ಇರಲಿ. ಹೆಸರಿಗಿಂತ ಅವಳ ಕೂದಲಿನ ಕಥೆಯೇ ದೊಡ್ಡದು.

ಎರಡು ಜಡೆಯ ಕಾಟ

ಸಿದ್ದಿಗಳ ಪೂರ್ವಿಕರು ಪೂರ್ವ ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿನ ಹಿಂಸೆ ತಾಳಲಾರದೆ ಘಟ್ಟದ ಕಾಡು ಸೇರಿದವರು ಅನೇಕರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ತಾಲೂಕುಗಳಲ್ಲಿ ತಲೆಮಾರುಗಳಿಂದ ಇದ್ದಾರೆ. ಇಲ್ಲಿನ ತೋಟ, ಗದ್ದೆಗಳಲ್ಲಿ ಅವರ ಬೆವರಿದೆ. ಆದರೂ ಬಸ್ಸಿನಲ್ಲಿ ಅವರಿಗೆ ಕೇಳುವ ಮೊದಲ ಪ್ರಶ್ನೆ, “ಯಾವ ದೇಶ?”

ಈ ಹುಡುಗಿಗೆ ಕಾಟ ಶುರುವಾದದ್ದು ಶಾಲೆಯಲ್ಲಿ. ಎಣ್ಣೆ ಹಾಕಿ, ಬಾಚಿ, ಎರಡು ಜಡೆ ಹೆಣೆದು ರಿಬ್ಬನ್ ಕಟ್ಟಿ ಬರಬೇಕೆಂಬುದು ನಿಯಮ. ಸುರುಳಿ ಸುರುಳಿಯಾದ ಕೂದಲು ಹಾಗೆಲ್ಲ ಹೇಳಿದಂತೆ ಕೇಳುತ್ತದೆಯೇ? ಅಂಗಡಿಯಲ್ಲಿ ಸಿಗುವ ಸಣ್ಣ ಹಲ್ಲಿನ ಬಾಚಣಿಗೆ ಇಳಿಸಿದರೆ ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಎಳೆದರೆ ಕಣ್ಣಲ್ಲಿ ನೀರು, ಇಲ್ಲವೇ ಬಾಚಣಿಗೆಯ ಹಲ್ಲೇ ಮುರಿಯಿತು. ಪ್ರಾರ್ಥನೆಯ ಸಾಲಿನಿಂದ ಈಚೆ ಕರೆದು, “ತಲೆ ಬಾಚಿ ಬಾ” ಅಂತ ನಿಲ್ಲಿಸಿದ ದಿನಗಳು ಎಷ್ಟೋ. ಬಾಚಿಕೊಂಡೇ ಬಂದಿದ್ದೇನೆ ಅಂದರೆ ನಂಬುವವರು ಯಾರು? ಹಿಂದಿನ ಬೆಂಚಿನವರು ಪೆನ್ಸಿಲ್ ತೂರಿಸಿ ನಿಲ್ಲುತ್ತದೋ ಇಲ್ಲವೋ ಅಂತ ನೋಡುತ್ತಿದ್ದರು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗೆ ಆಗಿತ್ತು ಅವಳ ಪಾಡು.

“ತಪ್ಪು ನನ್ನ ತಲೇದೇ ಅಂದ್ಕೊಂಡಿದ್ದೆ” ಅನ್ನುತ್ತಾಳೆ ಆಕೆ.

ಮೂರು ಸಾವಿರದ ನೇರ ಕೂದಲು

ಕಾಲೇಜು ಸೇರಿದ ವರ್ಷ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗಿ, ರಾತ್ರಿ ನಿದ್ದೆಗೆಟ್ಟು ಮೂರು ಸಾವಿರ ರೂಪಾಯಿ ಕೂಡಿಸಿದಳು. ಪುಸ್ತಕಕ್ಕಲ್ಲ, ಬಟ್ಟೆಗಲ್ಲ. ಪೇಟೆಯ ಪಾರ್ಲರಿಗೆ ಹೋಗಿ ಕೂದಲು ನೆಟ್ಟಗೆ ಮಾಡಿಸಿಕೊಳ್ಳಲು!

ಔಷಧಿ ಬಳಿದರು, ಕಣ್ಣು ಉರಿಯಿತು. ಬಿಸಿ ಇಸ್ತ್ರಿಯಂಥ ಯಂತ್ರದಲ್ಲಿ ಎಳೆ ಎಳೆಯಾಗಿ ಒತ್ತಿದರು. ಸಂಜೆ ಹೊತ್ತಿಗೆ ಬೆನ್ನ ಮೇಲೆ ನೇರ ಕೂದಲು ಇಳಿಬಿದ್ದಿತ್ತು. ಒಂದು ತಿಂಗಳು ಸಂತೋಷವೋ ಸಂತೋಷ. ಮೂರನೇ ತಿಂಗಳಿಗೆ ಬುಡದಲ್ಲಿ ಮತ್ತೆ ಸುರುಳಿ ಹೊರಟಿತು. ಹೊಸ ಸುರುಳಿಗೂ ಹಳೆಯ ನೇರ ಕೂದಲಿಗೂ ಸೇರುವ ಜಾಗದಲ್ಲಿ ಪಟಪಟನೆ ಮುರಿಯತೊಡಗಿತು. ನೆತ್ತಿಯ ಹತ್ತಿರ ಬೋಳು ಕಾಣಿಸಿತು.

ಇದು ಹೀಗೇ ಆಗುವಂಥದ್ದು. ಕೂದಲು ಗುಂಗುರಾಗುವುದು ಹೊರಗೆ ಅಲ್ಲ, ಚರ್ಮದ ಒಳಗೆ. ಕೂದಲು ಹುಟ್ಟುವ ಗುಳಿಯೇ ಬಾಗಿದ್ದರೆ ಹೊರಡುವ ಎಳೆಯೂ ಬಾಗಿಯೇ ಬರುತ್ತದೆ. ಪಾರ್ಲರಿನ ಔಷಧಿ ಕೂದಲಿನೊಳಗಿನ ಗಂಧಕದ ಬಂಧಗಳನ್ನು ಮುರಿದು, ಹೊರಗಿರುವ ಎಳೆಯನ್ನು ಮಾತ್ರ ನೇರ ಮಾಡುತ್ತದೆ. ಬುಡದ ಗುಳಿಯನ್ನು ಅದು ಬದಲಿಸಲಾರದು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದಮೇಲೆ ಮೂರು ತಿಂಗಳಿಗೊಮ್ಮೆ, ನಾಲ್ಕು ತಿಂಗಳಿಗೊಮ್ಮೆ ಮತ್ತೆ ದುಡ್ಡು, ಮತ್ತೆ ಉರಿ.

ದುಡ್ಡಿನ ಮಾತು ಹಾಗಿರಲಿ. ಕೂದಲು ನಯ ಮಾಡುವ ಕೆಲವು ಔಷಧಿಗಳನ್ನು ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಎಂಬ ಅನಿಲ ಹೊರಡುತ್ತದೆ. ಹೆಣ ಕೆಡದಂತೆ ಇಡಲು ಬಳಸುವ ಫಾರ್ಮಲಿನ್‌ನಲ್ಲಿ ಇರುವುದೂ ಇದೇ! ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು ಸುಮಾರು 34,000 ಹೆಂಗಸರನ್ನು ಹೆಚ್ಚುಕಡಿಮೆ 11 ವರ್ಷ ಗಮನಿಸಿ 2022ರಲ್ಲಿ ಒಂದು ವರದಿ ಕೊಟ್ಟರು. ಕೂದಲು ನೇರ ಮಾಡುವ ರಾಸಾಯನಿಕ ಬಳಸದವರಲ್ಲಿ 70 ವರ್ಷ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇಕಡ 1.64. ವರ್ಷಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬಳಸಿದವರಲ್ಲಿ ಶೇಕಡ 4.05. ರಾಸಾಯನಿಕವೇ ಕಾರಣ ಎಂದು ಇಷ್ಟರಿಂದಲೇ ಸಿದ್ಧವಾಗದು, ನಿಜ. ಆದರೆ ಎಚ್ಚರ ತಪ್ಪಬಾರದು ಎನ್ನಲು ಇಷ್ಟು ಸಾಕು.

ಅಜ್ಜಿಯ ಕೈ

ಮುರಿದ ಕೂದಲು ನೋಡಿ ಹುಡುಗಿ ಮೂಲೆ ಸೇರಿ ಅತ್ತಳು. ಕಾಲೇಜಿಗೆ ಹೋಗುವುದಿಲ್ಲ ಅಂತ ಹಠ ಹಿಡಿದಳು. ಅಜ್ಜಿ ಮೂರು ದಿನ ಸುಮ್ಮನಿದ್ದಳು. ನಾಲ್ಕನೆಯ ದಿನ ಕತ್ತರಿ ಹಿಡಿದು ಬಂದು, “ಸತ್ತ ಕೂದ್ಲು ಇಟ್ಕೊಂಡು ಏನ್ ಮಾಡ್ತೀಯೇ?” ಅಂದಳು. ನೇರ ಕೂದಲಷ್ಟನ್ನೂ ಕತ್ತರಿಸಿ, ಬುಡದ ಎರಡು ಬೆರಳಿನಷ್ಟು ಸುರುಳಿ ಮಾತ್ರ ಉಳಿಸಿದಳು.

ಅಲ್ಲಿಂದ ಪಾಠ ಶುರು. ಒಣ ಕೂದಲಿಗೆ ಬಾಚಣಿಗೆ ಮುಟ್ಟಿಸಕೂಡದು. ದಾಸವಾಳದ ಸೊಪ್ಪು ಕಿವುಚಿ ಲೋಳೆ ತೆಗೆದು ಹಚ್ಚಬೇಕು. ಜಾರುವ ಲೋಳೆಯಲ್ಲಿ ಸಿಕ್ಕು ತಾನಾಗಿ ಬಿಡುತ್ತದೆ. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ಅದೂ ತುದಿಯಿಂದ ಶುರುಮಾಡಿ ಬುಡಕ್ಕೆ ಬರಬೇಕು, ಬುಡದಿಂದ ತುದಿಗಲ್ಲ. ಹಸಿ ಇರುವಾಗಲೇ ಸ್ವಲ್ಪ ಕೊಬ್ಬರಿ ಎಣ್ಣೆ.

ಅಜ್ಜಿ ಹೇಳಿದ್ದರಲ್ಲಿ ಶಾಸ್ತ್ರವೂ ಇದೆ. ನೇರ ಕೂದಲಲ್ಲಿ ತಲೆಚರ್ಮದ ಜಿಡ್ಡು ಸಲೀಸಾಗಿ ಕೆಳಗೆ ಇಳಿಯುತ್ತದೆ. ಸುರುಳಿಯಲ್ಲಿ ತಿರುವು ತಿರುವಿಗೂ ತಡೆ. ತುದಿಯವರೆಗೆ ಮುಟ್ಟುವುದೇ ಇಲ್ಲ. ಹಾಗಾಗಿ ಗುಂಗುರು ಕೂದಲು ಬೇಗ ಒಣಗುತ್ತದೆ, ಒಣಗಿದಾಗ ಎಳೆದರೆ ಮುರಿಯುತ್ತದೆ. ಘಟ್ಟದ ರಸ್ತೆಯಲ್ಲಿ ಬಸ್ಸು ತಡವಾದಂತೆ ಎಂದುಕೊಳ್ಳಿ.

ಒಂದೂವರೆ ವರ್ಷ ಕಳೆಯಿತು. ಎಳೆದು ನೋಡಿದರೆ ಭುಜದ ಹತ್ತಿರ, ಬಿಟ್ಟರೆ ಕಿವಿಯ ಪಕ್ಕ. ಕಪ್ಪು ಮೋಡದಂತೆ ತಲೆ ಸುತ್ತ ನಿಂತ ಕೂದಲು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಡಮಾಮಿ ಕುಣಿತಕ್ಕೆ ತಲೆಗೆ ಬಟ್ಟೆ ಕಟ್ಟದೆ ಹಾಗೆಯೇ ವೇದಿಕೆ ಹತ್ತಿದಳು. ಡಮಾಮಿನ ಪೆಟ್ಟಿಗೆ ಕೂದಲೂ ಕುಣಿಯಿತು! ಮಾರನೆಯ ದಿನ, ಹಿಂದೆ ಪೆನ್ಸಿಲ್ ತೂರಿಸಿದವರಲ್ಲೇ ಒಬ್ಬಳು ಬಂದು, “ನಿನ್ನ ಕೂದ್ಲು ಭಾರೀ ಚಂದ ಕಾಣ್ತಿತ್ತು ಮಾರಾಯ್ತಿ” ಅಂದಳಂತೆ. ಅದಕ್ಕೆ ಇವಳ ಉತ್ತರ: “ನಿನ್ನೆ ಮಾತ್ರ ಅಲ್ಲ, ಯಾವಾಗ್ಲೂ ಹೀಗೇ ಇತ್ತು.”

ಅತ್ತ ಅಮೆರಿಕದಲ್ಲೂ ಇದೇ ಗೋಳು

ಇದು ಯಲ್ಲಾಪುರದ ಒಬ್ಬ ಹುಡುಗಿಯ ಕಷ್ಟ ಮಾತ್ರ ಅಂದುಕೊಳ್ಳಬೇಡಿ. ಆಫ್ರಿಕಾ ಮೂಲದ ಹೆಂಗಸರು ಎಲ್ಲೆಲ್ಲಿ ಇದ್ದಾರೋ ಅಲ್ಲೆಲ್ಲ ಇದೇ ಕಥೆ. ಅಮೆರಿಕದಲ್ಲಿ 1960ರ ದಶಕದಲ್ಲಿ ಕಪ್ಪು ಜನರ ಹೋರಾಟ ಬಲಿತಾಗ, ಕೂದಲನ್ನು ನೇರ ಮಾಡದೆ ಗುಂಡಗೆ ಬೆಳೆಸುವುದೇ ಸ್ವಾಭಿಮಾನದ ಗುರುತಾಯಿತು. ಅದನ್ನೇ ‘ಆಫ್ರೋ’ ಅಂದರು. ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ 2016ರಲ್ಲಿ ಶಾಲೆಯ ಹುಡುಗಿಯರೇ ಕೂದಲಿನ ನಿಯಮದ ವಿರುದ್ಧ ಪ್ರತಿಭಟನೆಗೆ ಇಳಿದರು. ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ ‘ಕ್ರೌನ್ ಕಾಯ್ದೆ’ ಮಾಡಿತು. ಹುಟ್ಟಿನಿಂದ ಬಂದ ಕೂದಲಿನ ನೆಪದಲ್ಲಿ ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ಭೇದ ಮಾಡಕೂಡದು ಎಂಬುದು ಅದರ ಸಾರ.

ನಮ್ಮಲ್ಲಿ? 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮಾಜದಿಂದ ಶಾಸನಸಭೆಯ ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲಿಗರು. ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿಯವರನ್ನು ಸಿನಿಮಾ ಪರದೆಯ ಮೇಲೆ ಕಂಡು ಜನ ಶಿಳ್ಳೆ ಹೊಡೆದಿದ್ದಾರೆ. ಕಾಗದದಲ್ಲಿ, ಪರದೆಯಲ್ಲಿ ಇಷ್ಟೆಲ್ಲ ಆಯಿತು. ಆದರೆ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಕೈ ಚಾಚಿ ಕೂದಲು ಮುಟ್ಟಿ ನೋಡುವವರು ಇನ್ನೂ ಇದ್ದಾರೆ. ತಮಾಷೆಗೆ ಅನ್ನುತ್ತಾರೆ. ಯಾರ ತಲೆ, ಯಾರಿಗೆ ತಮಾಷೆ?

ಅಂಗಡಿಯವರಿಗೂ ಒಂದು ಮಾತು

ಪೇಟೆಯ ಫ್ಯಾನ್ಸಿ ಅಂಗಡಿಯಲ್ಲಿ ಬಾಚಣಿಗೆ ರಾಶಿ ರಾಶಿ. ಅಗಲ ಹಲ್ಲಿನದು ಕೇಳಿದರೆ, “ಅದು ಹೋಗೋದಿಲ್ಲ, ಹಾಗಾಗಿ ತರಿಸಿಲ್ಲ” ಎಂಬ ಉತ್ತರ. ಈ ಹುಡುಗಿ ಬಿಡಲಿಲ್ಲ. ವಾರ ವಾರ ಹೋಗಿ ಕೇಳಿದಳು. ಬೇಸತ್ತ ಅಂಗಡಿಯ ಮಾಲೀಕರು ಹುಬ್ಬಳ್ಳಿಯಿಂದ ಒಂದು ಡಜನ್ ತರಿಸಿಟ್ಟರು. ಅವಳು ಕೊಂಡದ್ದು ಒಂದೇ. ಉಳಿದ ಹನ್ನೊಂದು? ಆರು ಅವಳ ಕೇರಿಯವರೇ ಒಯ್ದರು. ಮಿಕ್ಕಿದ್ದನ್ನು ಪೇಟೆಯ ಹೆಂಗಸರು ಕೊಂಡರು. ಗುಂಗುರು ಕೂದಲಿನ ಮಕ್ಕಳು ಅವರ ಮನೆಯಲ್ಲೂ ಇದ್ದಾರಲ್ಲ!

“ಎರಡನೇ ಡಜನ್‌ಗೆ ಹೇಳಿದ್ದೇನೆ” ಅನ್ನುತ್ತಾರೆ ಮಾಲೀಕರು.

ಅಜ್ಜಿಗೆ ಈಗ ಹೊಸ ಕೆಲಸ. ಭಾನುವಾರ ಬಂತೆಂದರೆ ಕೇರಿಯ ನಾಲ್ಕಾರು ಹೆಣ್ಣುಮಕ್ಕಳು ದಾಸವಾಳದ ಸೊಪ್ಪು ಹಿಡಿದು ಅಂಗಳಕ್ಕೆ ಬರುತ್ತಾರೆ. ಸಿಕ್ಕು ಬಿಡಿಸುವುದು ಮೊಮ್ಮಗಳು. ಅಜ್ಜಿ ಜಗಲಿ ಮೇಲೆ ಕೂತು, “ತುದಿಯಿಂದ, ತುದಿಯಿಂದ” ಅಂತ ಕೂಗುತ್ತಾಳೆ. ಅಳುವ ಮಗು ಒಂದೂ ಇಲ್ಲ.

ಅಂದಹಾಗೆ ಅಂದು ಬಸ್ಸಿನಲ್ಲಿ ಆ ಗೃಹಸ್ಥರು ಚೀಲ ತೆಗೆದರು. ಹುಡುಗಿ ಕೂತಳು. ಸ್ವಲ್ಪ ದೂರ ಹೋದ ಮೇಲೆ ಅವರೇ ಮೆಲ್ಲಗೆ, “ನನ್ನ ಮೊಮ್ಮಗಳದೂ ಗುಂಗುರು ಕೂದಲಮ್ಮ. ಬಾಚುವಾಗ ದಿನಾ ರಂಪ. ನೀನು ಏನು ಹಚ್ಚುತ್ತೀ?” ಅಂತ ಕೇಳಿದರಂತೆ. ಇಳಿಯುವವರೆಗೂ ಮಾತು ಮುಗಿಯಲಿಲ್ಲ.