ಮೂರನೇ ಪಿನ್ ಮುರಿಯಬೇಡಿ

ಚೌತಿ ಹತ್ತಿರವಾದಂತೆ ಕಾರವಾರ, ಅಂಕೋಲೆ ಕಡೆಯ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲಿದ್ದ ಆಂಪ್ಲಿಫೈಯರ್ ಕೆಳಗಿಳಿಯುತ್ತದೆ. ಗಣಪತಿ ಕೂರಿಸಿದ ಕೋಣೆಯಲ್ಲಿ ಭಜನೆಗೊಂದು ಮೈಕ್, ಜಗಲಿಗೆರಡು ಸ್ಪೀಕರ್. ಸ್ವಿಚ್ ಹಾಕಿದೊಡನೆ ಎರಡು ದೂರು ಕೇಳಿಬರುತ್ತವೆ. ಒಂದು, ಹಾಡಿನ ಹಿಂದೆ ಬಿಡದೆ ಬರುವ ಗುಂಯ್ ಸದ್ದು. ಇನ್ನೊಂದು, ಪೆಟ್ಟಿಗೆ ಮುಟ್ಟಿದರೆ ಬೆರಳ ತುದಿ ಜುಮ್ಮೆನ್ನುವುದು. ಗುಂಯ್ ಸದ್ದಿಗೆ ಯಾರಾದರೊಬ್ಬರು ಹೇಳುವ ಮದ್ದು ಪ್ಲಗ್ಗಿನ ದಪ್ಪ ಪಿನ್ ತೆಗೆದುಬಿಡುವುದು. ಸದ್ದು ನಿಂತೂ ಹೋಗಬಹುದು. ಅದರ ಜೊತೆ ಜೀವ ಕಾಯುವ ತಂತಿಯೂ ಹೋಗುತ್ತದೆ.

ಆ ದಪ್ಪ ಪಿನ್ ಉಳಿದೆರಡಕ್ಕಿಂತ ಉದ್ದವಾಗಿರುವುದು ಸುಮ್ಮನೆ ಅಲ್ಲ. ಪ್ಲಗ್ ಚುಚ್ಚುವಾಗ ಮೊದಲು ಸೇರಬೇಕಾದದ್ದು ಅದು, ಕೀಳುವಾಗ ಕಡೆಗೆ ಬಿಡಬೇಕಾದದ್ದೂ ಅದು. ಆಂಪ್ಲಿಫೈಯರ್‌ನ ಲೋಹದ ಪೆಟ್ಟಿಗೆಯನ್ನು ಅದು ಮನೆಯ ಅರ್ಥ್ ತಂತಿಗೆ ಜೋಡಿಸುತ್ತದೆ. ಒಳಗೆ ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಸುಟ್ಟೋ, ಇಲಿ ಕಡಿದೋ ಫೇಸ್ ತಂತಿ ಪೆಟ್ಟಿಗೆಗೆ ತಾಗಿದರೆ ಕರೆಂಟು ಆ ತಂತಿಯ ಮೂಲಕ ನೆಲಕ್ಕೆ ಇಳಿಯಬೇಕು, ತಾನಾಗಿ ಕರೆಂಟು ಕಡಿಯುವ ಎಂಸಿಬಿಯೋ ಆರ್‌ಸಿಸಿಬಿಯೋ ಬೀಳಬೇಕು. ಪಿನ್ ಇಲ್ಲದಿದ್ದರೆ ಪೆಟ್ಟಿಗೆ 230 ವೋಲ್ಟ್ ಹೊತ್ತು ಸುಮ್ಮನೆ ಕುಳಿತಿರುತ್ತದೆ, ಯಾರಾದರೂ ಮುಟ್ಟುವವರೆಗೆ.

ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳಲ್ಲಿ ಇಲ್ಲದ ಅಪಾಯವೊಂದು ಆಡಿಯೋ ಸಾಮಾನಿನಲ್ಲಿದೆ. ಆಂಪ್ಲಿಫೈಯರ್‌ನಿಂದ ಟಿವಿಗೆ, ಟಿವಿಯಿಂದ ಸೆಟ್‌ಟಾಪ್ ಬಾಕ್ಸಿಗೆ, ಮಿಕ್ಸರ್‌ನಿಂದ ಮೈಕಿಗೆ ಹೋಗುವ ಕೇಬಲ್ಲುಗಳ ಹೊರಜಾಲರಿ ಸಾಮಾನ್ಯವಾಗಿ ಆಯಾ ಪೆಟ್ಟಿಗೆಯ ಲೋಹಕ್ಕೇ ಸೇರಿರುತ್ತದೆ. ಹಾಗಾಗಿ ಒಂದು ಪೆಟ್ಟಿಗೆಯಲ್ಲಿ ಫೇಸ್ ತಾಗಿದರೆ ಅದು ಕೇಬಲ್ ಹಿಡಿದು ಎಲ್ಲ ಕಡೆ ಹಬ್ಬುತ್ತದೆ, ಭಜನೆ ಹೇಳುವವರ ಕೈಯಲ್ಲಿನ ಮೈಕಿನ ತನಕ. ಭಾದ್ರಪದದ ಮಳೆ, ಒರೆಸಿದ ಒದ್ದೆ ನೆಲ, ಬರಿಗಾಲು, ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ ಲೋಹ. ಸುಮಾರು 10 ಮಿಲಿ ಆಂಪಿಯರ್ ದಾಟಿದರೆ ಹಿಡಿದ ಕೈ ಬಿಡಲಾಗದಂತೆ ಸ್ನಾಯು ಸೆಟೆದುಕೊಳ್ಳುತ್ತದೆ. ಮೈಕ್ ಹಿಡಿದವರಿಗೆ ಅದನ್ನು ಎಸೆಯುವುದಕ್ಕೂ ಆಗುವುದಿಲ್ಲ.

ಹಾಗೆಂದು ಜುಮ್ಮೆನ್ನುವುದೆಲ್ಲ ಸಾವಿನ ಕರೆಯಲ್ಲ. ಟು-ಪಿನ್ ಸೆಟ್‌ಟಾಪ್ ಬಾಕ್ಸ್, ಲ್ಯಾಪ್‌ಟಾಪ್ ಚಾರ್ಜರ್‌ಗಳ ಒಳಗಿನ ಸಣ್ಣ ಕೆಪಾಸಿಟರ್ ಮೂಲಕ ಮಿಲಿ ಆಂಪಿಯರಿನ ಅಂಶವೊಂದು ಸೋರುವುದು ಅವುಗಳ ರಚನೆಯಲ್ಲೇ ಇದೆ. ಚೌಕದೊಳಗೆ ಚೌಕದ ಗುರುತಿದ್ದರೆ ಅದು ಡಬಲ್ ಇನ್ಸುಲೇಷನ್ ಸಾಮಾನು, ಟು-ಪಿನ್ ಇರಬಹುದಾದದ್ದೇ. ಆದರೆ ಟೆಸ್ಟರ್ ಮಿಣುಕಿದರೆ ಅದು ಇಂಥ ಸಣ್ಣ ಸೋರಿಕೆಯೋ ಫೇಸ್ ತಾಗಿರುವುದೋ ಎಂದು ತಿಳಿಯುವುದಿಲ್ಲ. ಎರಡಕ್ಕೂ ಅದು ಉರಿಯುತ್ತದೆ. ತ್ರೀ-ಪಿನ್ ಇರುವ ಆಂಪ್ಲಿಫೈಯರ್ ಜುಮ್ಮೆಂದರೆ ಮಾತ್ರ ಅನುಮಾನ ಬೇಡ, ಅರ್ಥಿಂಗ್ ಎಲ್ಲೋ ಕಡಿದಿದೆ, ಇಲ್ಲವೇ ಸಾಲದಾಗಿದೆ. ಗಲ್ಫಿನಿಂದ ತಂದ ಚಪ್ಪಟೆ ಪಿನ್ನಿನ ಸೆಟ್ಟುಗಳಲ್ಲಿ ಮೊದಲು ನೋಡಬೇಕಾದದ್ದು ಅಗ್ಗದ ಅಡಾಪ್ಟರ್. ಮೂರು ತೂತಿದ್ದರೂ ಎಷ್ಟೋ ಅಡಾಪ್ಟರುಗಳಲ್ಲಿ ಮೂರನೆಯದಕ್ಕೆ ಸಂಪರ್ಕವೇ ಇರುವುದಿಲ್ಲ.

ಇನ್ನು ಅರ್ಥ್ ತಂತಿ ಇಳಿಯುವ ನಮ್ಮ ಕರಾವಳಿಯ ನೆಲ. ಗಜನಿ ಗದ್ದೆಯ ಅಂಚಿನಲ್ಲೋ ಕಾಳಿ, ಗಂಗಾವಳಿ ನದಿಗಳ ಉಪ್ಪುನೀರಿನ ಪಕ್ಕದಲ್ಲೋ ಮನೆಯಿದ್ದರೆ ಮಣ್ಣು ಕರೆಂಟನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಆದರೆ ಅದೇ ಉಪ್ಪು ಅರ್ಥಿಂಗಿಗೆ ಹೂತ ಜಿಐ ಪೈಪನ್ನು, ಅದರ ನಟ್ಟು ಬೋಲ್ಟನ್ನು ತಿಂದುಹಾಕುತ್ತದೆ. ಅರ್ಥಿಂಗ್ ಗುಂಡಿಯ ಮುಚ್ಚಳ ತೆಗೆದರೆ ಹಸಿರುಗಟ್ಟಿದ ತಾಮ್ರ, ಕೈಯಿಟ್ಟರೆ ಉದುರುವ ತುಕ್ಕು. ಮೇಲಿನ ತಂತಿ ನೋಡಲು ನೆಟ್ಟಗಿರುತ್ತದೆ, ಕೆಳಗೆ ಸಂಪರ್ಕವೇ ಇರುವುದಿಲ್ಲ. ಚಿರೆಕಲ್ಲಿನ ಗುಡ್ಡದ ಮೇಲೆ ಕಥೆ ಬೇರೆ. ಅಲ್ಲಿ ಮಳೆಗಾಲದಲ್ಲಿ ಎಲ್ಲ ಸರಿ, ಮೇ ತಿಂಗಳಲ್ಲಿ ಒಣಗಿದ ಕಲ್ಲು ಕರೆಂಟಿಗೆ ದಾರಿ ಕೊಡುವುದೇ ಕಷ್ಟ. ಎರಡೂವರೆ ಮೀಟರ್ ಪೈಪನ್ನು ಪೂರ್ತಿ ಇಳಿಸದೆ, ಕಲ್ಲು ಸಿಕ್ಕಿತೆಂದು ಅರ್ಧಕ್ಕೇ ಕತ್ತರಿಸಿ ಮುಚ್ಚಿದರಂತೂ ಹೇಳುವುದೇ ಬೇಡ.

ಇಲ್ಲೊಂದು ಲೆಕ್ಕ ನೋಡಿ. ಪೆಟ್ಟಿಗೆಯಿಂದ ನೆಲದ ಮೂಲಕ ಟ್ರಾನ್ಸ್‌ಫಾರ್ಮರ್‌ವರೆಗಿನ ದಾರಿಯ ರೋಧ ಒಟ್ಟು 20 ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟಿಗೆ ಹರಿಯುವುದು 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿ ಅದನ್ನು ಗೀಸರಿನ ಲೋಡ್ ಎಂಬಂತೆ ಹೊತ್ತುಕೊಂಡೇ ಇರುತ್ತದೆ, ಬೀಳುವುದಿಲ್ಲ. ಅರ್ಥಿಂಗ್ ಇದೆ, ಎಂಸಿಬಿ ಇದೆ, ಆದರೂ ಪೆಟ್ಟಿಗೆ ಮುಟ್ಟಿದರೆ ಶಾಕ್. ಇದಕ್ಕಾಗಿಯೇ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಫೇಸಿನಲ್ಲಿ ಹೋದಷ್ಟು ಕರೆಂಟು ನ್ಯೂಟ್ರಲ್‌ನಲ್ಲಿ ಮರಳಿ ಬರುತ್ತಿದೆಯೇ ಎಂದು ಅದು ಸದಾ ಲೆಕ್ಕ ಹಾಕುತ್ತಿರುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೆ 0.3 ಸೆಕೆಂಡಿನೊಳಗೆ ಬೀಳಬೇಕು. ಅರ್ಥ್ ತಂತಿ ಇಲ್ಲದ ಮನೆಯಲ್ಲೂ ಅದು ಕೆಲಸ ಮಾಡುತ್ತದೆ, ಆದರೆ ಮನುಷ್ಯ ಮುಟ್ಟಿ ಕರೆಂಟು ಮೈಯಲ್ಲಿ ಹರಿದ ಮೇಲೆ. ತಂತಿ ಇದ್ದರೆ ದೋಷ ಹುಟ್ಟಿದ ಕ್ಷಣವೇ ಬೀಳುತ್ತದೆ. ಎರಡೂ ಬೇಕು.

ಒಂದು ಕೆಟ್ಟ ಅಭ್ಯಾಸವನ್ನು ಬಿಡಿಸಿಯೇ ಹೇಳಬೇಕು. ಅರ್ಥ್ ತಂತಿ ಎಳೆಯುವ ಖರ್ಚು ಉಳಿಸಲು ಸಾಕೆಟ್ಟಿನ ಒಳಗೇ ನ್ಯೂಟ್ರಲ್ ಮತ್ತು ಅರ್ಥ್ ತೂತುಗಳಿಗೆ ಒಂದು ತುಂಡು ವೈರ್ ಕೊಡುವುದು. ಮೀಟರ್ ಹಿಡಿದರೆ 230 ತೋರಿಸುತ್ತದೆ, ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಮಳೆಗಾಳಿಗೆ ತೆಂಗಿನ ಹೆಡೆ ಬಿದ್ದು ಸರ್ವಿಸ್ ವೈರಿನ ನ್ಯೂಟ್ರಲ್ ಕಡಿಯಿತೆನ್ನಿ. ಮನೆಯಲ್ಲಿ ಉರಿಯುತ್ತಿದ್ದ ಬಲ್ಬು, ಫ್ಯಾನುಗಳ ಮೂಲಕ ಫೇಸ್ ನೇರ ಆಂಪ್ಲಿಫೈಯರ್‌ನ ಮೈಗೆ ಬರುತ್ತದೆ. ಇದು ಅರ್ಥಿಂಗ್ ಇಲ್ಲದಿರುವುದಕ್ಕಿಂತಲೂ ಕೆಟ್ಟದ್ದು.

ಹಾಗಾದರೆ ಗುಂಯ್ ಸದ್ದಿಗೇನು ಮಾಡುವುದು? ಹಲವು ಸಲ ಅದಕ್ಕೆ ಕಾರಣ ಎರಡು ಕಡೆ ಅರ್ಥ್ ಆಗಿರುವುದು. ಆಂಪ್ಲಿಫೈಯರ್ ಸಾಕೆಟ್ಟಿನಲ್ಲಿ, ಟಿವಿ ಕೇಬಲ್ ಬೀದಿಯಲ್ಲಿ. ಎರಡರ ನಡುವಿನ ಚೂರು ವೋಲ್ಟೇಜಿನಿಂದ ಆಡಿಯೋ ಕೇಬಲ್ಲಿನ ಜಾಲರಿಯಲ್ಲಿ ಕರೆಂಟು ಹರಿದು 50 ಹರ್ಟ್ಜಿನ ಸದ್ದಾಗುತ್ತದೆ. ಟಿವಿ ಕೇಬಲ್ ಕಿತ್ತು ನೋಡಿ, ಸದ್ದು ನಿಂತರೆ ಕಳ್ಳ ಸಿಕ್ಕಂತೆ. ಎಲ್ಲ ಸಾಮಾನಿಗೂ ಒಂದೇ ಬೋರ್ಡಿನಿಂದ ಕರೆಂಟು ಕೊಡಿ. ಟಿವಿಯಿಂದ ಆಪ್ಟಿಕಲ್ ಕೇಬಲ್ ಎಳೆದರೆ ಅದರಲ್ಲಿ ಲೋಹದ ತಂತಿಯೇ ಇಲ್ಲ, ಸದ್ದಿಗೆ ದಾರಿಯೂ ಇಲ್ಲ. ಅದಾಗದಿದ್ದರೆ ಆಡಿಯೋ ಕೇಬಲ್ಲಿನ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೋಲೇಟರ್ ಸಿಗುತ್ತದೆ. ಕತ್ತರಿಸುವುದಿದ್ದರೆ ಆಡಿಯೋ ಕೇಬಲ್ಲಿನ ದಾರಿ ಕತ್ತರಿಸಿ, ಅರ್ಥ್ ಪಿನ್ ಅಲ್ಲ.

ಗುಡುಗಿನ ದಿನಗಳಲ್ಲಿ ಪ್ಲಗ್ ಜೊತೆ ಡಿಶ್ ಕೇಬಲ್ಲನ್ನೂ ಬಿಚ್ಚಿಡಿ. ಅದೂ ಸಿಡಿಲು ಕೇಳುವ ಮೊದಲೇ.

ಅರ್ಥಿಂಗ್ ಅಳತೆಯನ್ನು ಲೈಸೆನ್ಸ್ ಇರುವ ವೈರ್‌ಮನ್‌ನಿಂದ ಅರ್ಥ್ ಮೆಗ್ಗರ್ ಇಟ್ಟೇ ಮಾಡಿಸಿ, ಮೇ ತಿಂಗಳಲ್ಲೇ ಮಾಡಿಸಿ. ಮಳೆಗಾಲದ ಅಳತೆ ನಂಬಲು ಬಾರದು. ಆರ್‌ಸಿಸಿಬಿಯ ಮೇಲೆ ಟಿ ಎಂದು ಬರೆದ ಸಣ್ಣ ಗುಂಡಿಯನ್ನು ಇವತ್ತೇ ಒಮ್ಮೆ ಒತ್ತಿ ನೋಡಿ. ಅದು ಬೀಳದಿದ್ದರೆ, ಹೊಸದು ಹಾಕಿಸುವ ತನಕ ಮಕ್ಕಳ ಕೈಗೆ ಮೈಕ್ ಕೊಡಬೇಡಿ.