ಅಪ್ಪಿಕೊಂಡ ಕೈಗಳು ಉಳಿಸಿದ ಕಾಡು

ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲೂಕಿನಲ್ಲಿ ಸಾಲ್ಕಣಿ ಎಂಬ ಹಳ್ಳಿಯಿದೆ. 1983ರ ಸೆಪ್ಟೆಂಬರ್ 8ರಂದು ಆ ಭಾಗದ ಗಂಡಸರು, ಹೆಂಗಸರು, ಮಕ್ಕಳು ಒಟ್ಟಾಗಿ ಕಾಡಿಗೆ ನಡೆದರು. ಅಲ್ಲಿ ಮರಕಡಿತ ನಡೆದಿತ್ತು. ಬಂದವರು ಜಗಳಕ್ಕೆ ನಿಲ್ಲಲಿಲ್ಲ. ಮರಗಳನ್ನು ಅಪ್ಪಿಕೊಂಡು ನಿಂತರು. ಕೊಡಲಿ ಮರಕ್ಕೆ ತಾಗಬೇಕಾದರೆ ಮೊದಲು ಮನುಷ್ಯನಿಗೆ ತಾಗಬೇಕು! ಕಡಿಯಲು ಬಂದವರು ಕೈ ತಡೆದರು. ‘ಅಪ್ಪಿಕೊ ಚಳವಳಿ’ ಹುಟ್ಟಿದ್ದು ಹೀಗೆ.

ಕಡಿಯುವ ಕೆಲಸಕ್ಕೆ ಸರ್ಕಾರದ ಒಪ್ಪಿಗೆಯಿತ್ತು. ಅದನ್ನು ಹಳ್ಳಿಯ ಜನ ತಡೆದಾರೆಂಬ ಭರವಸೆ ಎಲ್ಲಿಂದ ಬಂತು?

ಕಣ್ಣೆದುರಿನ ಪಾಠ

ಮಲೆನಾಡಿನ ಅಡಿಕೆ ತೋಟಕ್ಕೂ ಕಾಡಿಗೂ ಬಿಡದ ನಂಟು. ತೋಟದ ಗೊಬ್ಬರಕ್ಕೆ ಸೊಪ್ಪು, ತರಗೆಲೆ ಬರುವುದು ಬೆಟ್ಟದಿಂದ; ನೀರು ಬರುವುದು ಕಾಡಿನ ಹಳ್ಳದಿಂದ. ನೈಸರ್ಗಿಕ ಕಾಡು ಕಡಿದು ತೇಗ, ನೀಲಗಿರಿ ನೆಟ್ಟ ಕಡೆ ಏನಾಯಿತೆಂಬುದನ್ನು ಜನ ನೋಡಿದ್ದರು.

ಇದರ ಹಿಂದಿನ ವಿಜ್ಞಾನ ಸರಳವಾದುದು. ಹಲವು ಜಾತಿಯ ಮರ, ಗಿಡ, ಬಳ್ಳಿಗಳು ಅಂತಸ್ತುಗಳಂತೆ ಬೆಳೆದ ಕಾಡಿನಲ್ಲಿ ಮಳೆಯ ರಭಸ ಮೇಲೆಯೇ ಮುರಿಯುತ್ತದೆ. ಕೆಳಗೆ ಹಾಸಿದ ತರಗೆಲೆ ನೀರನ್ನು ಹಿಡಿದು, ನಿಧಾನವಾಗಿ ಮಣ್ಣಿಗಿಳಿಸುತ್ತದೆ. ತೇಗವೊಂದೇ ಇರುವ ನೆಡುತೋಪಿನಲ್ಲಿ ಹಾಗಲ್ಲ. ಅಗಲ ಎಲೆಯಿಂದ ದಪ್ಪ ಹನಿಗಳು ಬೀಳುತ್ತವೆ. ಕೆಳಗೆ ಗಿಡಗಂಟಿ, ತರಗೆಲೆಯ ಹೊದಿಕೆ ಇಲ್ಲದಿದ್ದರೆ ಮಣ್ಣು ಕೊಚ್ಚಿ ಹೋಗುತ್ತದೆ.

ರೇಣಿಯ ಹೆಂಗಸರು

ಎರಡನೆಯ ಪಾಠ ಹಿಮಾಲಯದಿಂದ ಬಂತು. ಇಂದಿನ ಉತ್ತರಾಖಂಡದ ಚಮೋಲಿ ಜಿಲ್ಲೆಯ ರೇಣಿ ಗ್ರಾಮದಲ್ಲಿ 1974ರ ಮಾರ್ಚ್ 26ರಂದು ಮರ ಕಡಿಯುವವರು ಬಂದಾಗ ಊರಿನ ಗಂಡಸರು ಬೇರೆಡೆಗೆ ಹೋಗಿದ್ದರು. ಗೌರಾದೇವಿ ಎಂಬ ಮಹಿಳೆ 27 ಹೆಂಗಸರು, ಹುಡುಗಿಯರನ್ನು ಕರೆದುಕೊಂಡು ಹೋಗಿ ಅವರನ್ನು ತಡೆದು, ರಾತ್ರಿಯೂ ಕಾವಲು ನಿಂತರು. ‘ಚಿಪ್ಕೊ’ ಎಂದರೆ ಅಪ್ಪಿಕೊ ಎಂದೇ ಅರ್ಥ.

ಮುಂದೆ ನಡೆದದ್ದು ಇನ್ನೂ ಮುಖ್ಯ. ಸಸ್ಯವಿಜ್ಞಾನಿ ವೀರೇಂದ್ರ ಕುಮಾರ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಸಮಿತಿ ನೇಮಿಸಿತು. ಸಮಿತಿ ಜನರ ಮಾತನ್ನು ಎತ್ತಿಹಿಡಿಯಿತು. ಆ ಪ್ರದೇಶದಲ್ಲಿ 10 ವರ್ಷ ಮರಕಡಿತ ನಿಂತಿತು. ಮರ ಅಪ್ಪಿದ ಕೈಗಳು ಗಳಿಸಿದ್ದು ಸಮಯ. ಆ ಸಮಯದಲ್ಲಿ ವಿಜ್ಞಾನ ಮಾತನಾಡಿತು.

ಚಿಪ್ಕೊ ನಾಯಕ ಸುಂದರಲಾಲ್ ಬಹುಗುಣ ಮಲೆನಾಡಿಗೂ ಬಂದು ಈ ಅನುಭವ ಹೇಳಿದರು. ಚಿಪ್ಕೊದಲ್ಲಿ ಪಾಲ್ಗೊಂಡಿದ್ದ ಪಾಂಡುರಂಗ ಹೆಗಡೆ ಶಿರಸಿ ಭಾಗದ ಜನರನ್ನು ಸಂಘಟಿಸಿದರು. ಬೇರೆ ಕಡೆ ಸಾಧ್ಯವಾದದ್ದು ಇಲ್ಲಿಯೂ ಸಾಧ್ಯ ಎಂದು ಜನ ನಂಬಿದರು.

ಮೂರು ಶಬ್ದ

ಆ ಕಾಡಿನಲ್ಲಿ ಹೋರಾಟ 38 ದಿನ ನಡೆಯಿತು. ಕಡೆಗೆ ಸರ್ಕಾರ ಮರಕಡಿತ ನಿಲ್ಲಿಸಿತು. ಚಳವಳಿ ಇತರ ಹಳ್ಳಿಗಳಿಗೂ ಹಬ್ಬಿತು. 1990ರ ವೇಳೆಗೆ ರಾಜ್ಯದ ಪಶ್ಚಿಮಘಟ್ಟದ ನೈಸರ್ಗಿಕ ಕಾಡುಗಳಲ್ಲಿ ಹಸಿಮರ ಕಡಿಯುವುದಕ್ಕೆ ತಡೆ ಬಿತ್ತು.

ಚಳವಳಿಯ ಧ್ಯೇಯ ಮೂರೇ ಶಬ್ದ: ಉಳಿಸು, ಬೆಳೆಸು, ಬಳಸು. ‘ಬೇಡ’ ಎನ್ನುವುದಷ್ಟೇ ಅದರ ಕೆಲಸವಾಗಲಿಲ್ಲ. ಹಳ್ಳಿಗಳಲ್ಲಿ ಸಸಿ ಬೆಳೆಸಿದರು. ಸೌದೆ ಉಳಿಸುವ ಒಲೆ ಕಟ್ಟಿಸಿದರು. ಮರ ಕಾಯುವವರ ಮನೆಯಲ್ಲೇ ಸೌದೆ ದುಂದಾದರೆ ಹೋರಾಟಕ್ಕೆ ಬೆಲೆಯೆಲ್ಲಿ?

ಗೆಲುವು ಕೊನೆಯಲ್ಲ

ಒಮ್ಮೆ ಗೆದ್ದರೆ ಎಲ್ಲವೂ ಸರಿಹೋಗುವುದಿಲ್ಲ. 2021ರ ಫೆಬ್ರವರಿ 7ರಂದು ರೇಣಿಯ ಮೇಲ್ಭಾಗದ ಪರ್ವತದಿಂದ ಬಂಡೆ, ಹಿಮಗಳ ರಾಶಿ ಕುಸಿದು ಭೀಕರ ಪ್ರವಾಹವಾಯಿತು. ಗ್ರಾಮದ ಬಳಿಯ ಋಷಿಗಂಗಾ ವಿದ್ಯುತ್ ಯೋಜನೆ ಕೊಚ್ಚಿಹೋಯಿತು. ಕಣಿವೆಯಲ್ಲಿ 200ಕ್ಕೂ ಹೆಚ್ಚು ಜನ ಸತ್ತರು, ಕಣ್ಮರೆಯಾದರು. ಅಂಥ ಕುಸಿತವನ್ನು ಯಾವ ಮರವೂ ತಡೆಯಲಾರದು. ಆದರೆ ನದಿದಡದಲ್ಲಿ ಸಿಡಿಮದ್ದು ಬಳಸಿ ಕೆಲಸ ನಡೆಯುತ್ತಿದೆಯೆಂದು ಆ ಊರಿನವರು 2019ರಲ್ಲೇ ಹೈಕೋರ್ಟಿಗೆ ದೂರಿದ್ದರು. ಗೌರಾದೇವಿ ತೀರಿಕೊಂಡು ಎಷ್ಟೋ ವರ್ಷಗಳಾದರೂ ಊರು ಎಚ್ಚರವಾಗಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ಭರವಸೆ ಎಂದರೆ ಒಳ್ಳೆಯದಾದೀತೆಂದು ಕಾದು ಕೂರುವುದಲ್ಲ. ತನ್ನ ಊರಿನ ನೆಲ, ಜಲ ತಿಳಿದವನಿಗೆ ಮಾತ್ರ ಎಲ್ಲಿ ನಿಲ್ಲಬೇಕೆಂದು ಗೊತ್ತಾಗುತ್ತದೆ. ಈ ತಿಳಿವಳಿಕೆಗೆ ದೊಡ್ಡ ಪ್ರಯೋಗಾಲಯ ಬೇಡ. ಊರಿನ ಬಾವಿಯ ನೀರು ಯಾವ ತಿಂಗಳಲ್ಲಿ ಎಷ್ಟು ಇಳಿಯಿತು, ಹಳ್ಳ ಯಾವಾಗ ಬತ್ತಿತು ಎಂದು ವಿದ್ಯಾರ್ಥಿಗಳು ಒಂದು ನೋಟ್‌ಬುಕ್ಕಿನಲ್ಲಿ ವರ್ಷವಿಡೀ ಬರೆದಿಡಲಿ. ಹಿಂದೆ ಹೇಗಿತ್ತೆಂದು ತಂದೆತಾಯಿ, ಅಜ್ಜ-ಅಜ್ಜಿಯರು ಹೇಳಲಿ. ಮುಂದೊಂದು ದಿನ ಗ್ರಾಮಸಭೆಯಲ್ಲಿ ಯಾರಾದರೂ ‘ಇದಕ್ಕೆ ಆಧಾರವೇನು?’ ಎಂದು ಕೇಳಿದಾಗ ಆ ನೋಟ್‌ಬುಕ್ಕೇ ಉತ್ತರ ಹೇಳೀತು.