ಆಟದ ಪೀರಿಯಡ್ಡಿಗೆ ಮೀಸಲಾದ ದುಡ್ಡು

ಒಂದರಿಂದ ಆರನೇ ತರಗತಿವರೆಗೆ 200 ಮಕ್ಕಳಿರುವ ಇಂಗ್ಲೆಂಡಿನ ಒಂದು ಸಾಧಾರಣ ಪ್ರಾಥಮಿಕ ಶಾಲೆಗೆ 2017ರಿಂದೀಚೆಗೆ ವರ್ಷಕ್ಕೆ 18,000 ಪೌಂಡ್ ಪ್ರತ್ಯೇಕವಾಗಿ ಸಿಗುತ್ತಿದೆ. ಶಾಲೆಗೆಂದು 16,000, ಅದರ ಮೇಲೆ ಮಗುವಿಗೆ ಹತ್ತರಂತೆ ಇನ್ನೆರಡು ಸಾವಿರ. ಮಕ್ಕಳ ಆಟ, ವ್ಯಾಯಾಮ, ದೈಹಿಕ ಶಿಕ್ಷಣ ಬಿಟ್ಟು ಬೇರೆ ಯಾವುದಕ್ಕೂ ಈ ದುಡ್ಡನ್ನು ಮುಟ್ಟುವಂತಿಲ್ಲ. ಚಾವಣಿ ಸೋರಿದರೂ ಅದಕ್ಕೆ ಬಳಸುವಂತಿಲ್ಲ, ಗಣಿತದ ಪುಸ್ತಕ ಕೊಳ್ಳುವಂತಿಲ್ಲ. ಎಷ್ಟು ಬಂತು, ಯಾವುದಕ್ಕೆ ಹೋಯಿತು, ಮಕ್ಕಳಿಗೆ ಏನು ದಕ್ಕಿತು ಎಂಬ ಲೆಕ್ಕವನ್ನು ಶಾಲೆ ತನ್ನ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಪರೀಕ್ಷೆ ಹತ್ತಿರ ಬಂದರೆ ಆಟದ ಪೀರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುವುದನ್ನೇ ಕಂಡು ಬೆಳೆದ ನಮಗೆ ಇದು ಹೊಟ್ಟೆಕಿಚ್ಚು ಪಡುವಂಥ ಏರ್ಪಾಡು. ಆದರೆ ಪಿ.ಇ. ಅಂಡ್ ಸ್ಪೋರ್ಟ್ ಪ್ರೀಮಿಯಂ ಎಂಬ ಹೆಸರಿನ ಈ ಅನುದಾನ ಹುಟ್ಟಿದ ದಾರಿಯನ್ನು ಹಿಡಿದು ಹಿಂದಕ್ಕೆ ನಡೆದರೆ ಇನ್ನೊಂದು ಸಂಗತಿ ಕಾಣುತ್ತದೆ. ಹತ್ತು ವರ್ಷ ಕಟ್ಟಿದ ಒಂದು ಜನಜಾಲವನ್ನು ಬಿಚ್ಚಿಹಾಕಿದ ಮೇಲೆ, ಖಾಲಿಯಾದ ಆ ಜಾಗಕ್ಕೆ ಬಂದು ಕೂತ ಹಣ ಇದು. ಅದರ ಏಳುಬೀಳುಗಳೆಲ್ಲ ಆ ಹುಟ್ಟಿನಲ್ಲೇ ಅಡಗಿವೆ ಎಂಬುದು ನನ್ನ ವಾದ.

ಆ ಜಾಲದ ಹೆಸರು ಸ್ಕೂಲ್ ಸ್ಪೋರ್ಟ್ ಪಾರ್ಟ್‌ನರ್‌ಶಿಪ್. ಈ ಶತಮಾನದ ಮೊದಲ ವರ್ಷಗಳಲ್ಲಿ ಟೋನಿ ಬ್ಲೇರ್ ಅವರ ಲೇಬರ್ ಸರ್ಕಾರ ಅದನ್ನು ಹಂತಹಂತವಾಗಿ ದೇಶದ ತುಂಬ ಹರಡಿತು. ಅದರ ಕಟ್ಟೋಣ ಸರಳವಾಗಿತ್ತು. ಕ್ರೀಡೆಯಲ್ಲಿ ವಿಶೇಷತೆ ಪಡೆದ ಒಂದು ಪ್ರೌಢಶಾಲೆ ನಡುಗಂಬ. ಅಲ್ಲಿ ಇಡೀ ಜಾಲವನ್ನು ನೋಡಿಕೊಳ್ಳುವ ಒಬ್ಬ ಪೂರ್ಣಾವಧಿ ವ್ಯವಸ್ಥಾಪಕ. ಸುತ್ತಲಿನ ಪ್ರೌಢಶಾಲೆಗಳಲ್ಲಿ ತಲಾ ಒಬ್ಬ ಸಂಯೋಜಕ. ಆತನಿಗೆ ವಾರದಲ್ಲಿ ಎರಡು ದಿನ ತರಗತಿಯಿಂದ ಬಿಡುವು. ಪ್ರತಿಯೊಂದು ಪ್ರಾಥಮಿಕ ಶಾಲೆಯಲ್ಲೂ ಒಬ್ಬ ಕೊಂಡಿ ಶಿಕ್ಷಕಿ. ಆಕೆಗೆ ವರ್ಷಕ್ಕೆ 12 ದಿನ ಬಿಡುವು. ಸರ್ಕಾರ ಕೊಳ್ಳುತ್ತಿದ್ದದ್ದು ಬಹುಪಾಲು ಈ ಬಿಡುವನ್ನೇ. ಪ್ರೌಢಶಾಲೆಯ ನುರಿತ ದೈಹಿಕ ಶಿಕ್ಷಣ ಶಿಕ್ಷಕರು ಪ್ರಾಥಮಿಕ ಶಾಲೆಗೆ ನಡೆದುಬಂದು, ಅಲ್ಲಿನ ಕ್ಲಾಸ್ ಟೀಚರ್ ಜೊತೆ ನಿಂತು ಪಾಠ ಮಾಡಿ ತೋರಿಸಿ, ಶಾಲೆ ಶಾಲೆಗಳ ನಡುವೆ ಪಂದ್ಯ ಏರ್ಪಡಿಸಿ, ಊರಿನ ಕ್ರೀಡಾ ಕ್ಲಬ್ಬಿಗೂ ಶಾಲೆಗೂ ನಂಟು ಬೆಸೆಯುವುದಕ್ಕೆ ಬೇಕಾದದ್ದು ಸಮಯವೇ ತಾನೆ? 2003–04ರಲ್ಲಿ ವಾರಕ್ಕೆ ಎರಡು ಗಂಟೆಯಾದರೂ ದೈಹಿಕ ಶಿಕ್ಷಣ, ಶಾಲಾ ಕ್ರೀಡೆಯಲ್ಲಿ ತೊಡಗುತ್ತಿದ್ದ ಮಕ್ಕಳು ಜಾಲದ ಶಾಲೆಗಳಲ್ಲಿ ಶೇ 62ರಷ್ಟಿದ್ದರೆ, 2007–08ರ ಹೊತ್ತಿಗೆ ಶೇ 90 ಮುಟ್ಟಿದ್ದರು. ಇದು ಶಾಲೆಗಳೇ ಒಪ್ಪಿಸಿದ ಲೆಕ್ಕ, ಹಾಗಾಗಿ ಒಂದು ಪಾಲು ಕಳೆದು ಓದಬೇಕು. ಕಳೆದರೂ ಏರಿಕೆ ಏರಿಕೆಯೇ.

2010ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಆರ್ಥಿಕ ಕುಸಿತದ ಬಳಿಕದ ಖರ್ಚು ಕಡಿತದ ಕಾಲ ಅದು. ಅಕ್ಟೋಬರಿನಲ್ಲಿ ಶಿಕ್ಷಣ ಸಚಿವ ಮೈಕೆಲ್ ಗೋವ್, ಜಾಲವನ್ನು ನಡೆಸುವುದರಲ್ಲಿ ಮುಂಚೂಣಿಯಲ್ಲಿದ್ದ ಯೂತ್ ಸ್ಪೋರ್ಟ್ ಟ್ರಸ್ಟಿನ ಅಧ್ಯಕ್ಷೆ ಸ್ಯೂ ಕ್ಯಾಂಪ್‌ಬೆಲ್ ಅವರಿಗೆ ಪತ್ರ ಬರೆದು, ವರ್ಷಕ್ಕೆ 16.2 ಕೋಟಿ ಪೌಂಡಿನ ಮೀಸಲು ಹಣ ಇನ್ನಿಲ್ಲ ಎಂದು ತಿಳಿಸಿದರು. ಅವರ ಕಾರಣಗಳು ಹುರುಳಿಲ್ಲದವೇನೂ ಆಗಿರಲಿಲ್ಲ. ಇಷ್ಟು ಸುರಿದರೂ ಬೇರೆ ಶಾಲೆಯೊಡನೆ ನಿಯತವಾಗಿ ಸ್ಪರ್ಧೆಗೆ ಇಳಿಯುವ ಮಕ್ಕಳು ಐವರಲ್ಲಿ ಒಬ್ಬರು ಮಾತ್ರ. ವ್ಯವಸ್ಥೆ ಅಂಕಿಅಂಶ ಬೇಡುತ್ತದೆ, ಮೇಲಿನಿಂದ ಗುರಿ ಹೊರಿಸುತ್ತದೆ. ಏನು ಬೇಕೆಂಬುದನ್ನು ಮುಖ್ಯೋಪಾಧ್ಯಾಯರೇ ತೀರ್ಮಾನಿಸಲಿ ಎಂಬುದು ಅವರ ನಿಲುವು. ಮೊದಲ ಮಾತಿಗೆ ಉತ್ತರ ಸುಲಭ. ಎಲ್ಲ ಮಕ್ಕಳೂ ಮೈದಾನಕ್ಕೆ ಇಳಿಯಲಿ ಎಂದು ಕಟ್ಟಿದ ಜಾಲವನ್ನು, ಶಾಲಾ ತಂಡಕ್ಕೆ ಎಷ್ಟು ಮಂದಿ ಆಯ್ಕೆಯಾದರು ಎಂಬ ಅಳತೆಗೋಲಿನಿಂದ ಅಳೆದದ್ದು ತಪ್ಪು. ಎರಡನೆಯದರಲ್ಲಿ ಸತ್ಯವಿತ್ತು. ಕಾಗದಪತ್ರ ಹೆಚ್ಚಾಗಿತ್ತು; ಅದನ್ನು ಇಳಿಸಬಹುದಿತ್ತು. ಅದರ ಬದಲು ಬುಡಕ್ಕೇ ಕೊಡಲಿ ಬಿತ್ತು. ಒಲಿಂಪಿಯನ್ನರು ಪ್ರಧಾನಿಗೆ ಬಹಿರಂಗ ಪತ್ರ ಬರೆದರು, ಮುಖ್ಯೋಪಾಧ್ಯಾಯರು ಪ್ರತಿಭಟಿಸಿದರು, ಶಾಲಾ ಮಕ್ಕಳೂ ದನಿಗೂಡಿಸಿದರು. ಡಿಸೆಂಬರಿನಲ್ಲಿ ಸರ್ಕಾರ ಅರ್ಧ ಹೆಜ್ಜೆ ಹಿಂದೆ ಸರಿದು ಒಟ್ಟು 11.2 ಕೋಟಿ ಪೌಂಡನ್ನು ಮುಂದಿನ ಎರಡೂವರೆ ವರ್ಷಕ್ಕೆ ಹಂಚಿತು. ಅಷ್ಟರಲ್ಲಿ ಜಾಲದ ಜನ ಬೇರೆ ಕೆಲಸ ನೋಡಿಕೊಳ್ಳತೊಡಗಿದ್ದರು. ಹಣ ವಾಪಸ್ ಬರಬಹುದು. ಚದುರಿದ ಅನುಭವಿಗಳು ಅಷ್ಟು ಸುಲಭವಾಗಿ ವಾಪಸ್ ಬರುವುದಿಲ್ಲ.

ಇದೆಲ್ಲ ನಡೆಯುತ್ತಿದ್ದದ್ದು ಒಲಿಂಪಿಕ್ಸಿಗೆ ಎರಡೇ ವರ್ಷ ಉಳಿದಿದ್ದಾಗ. 2005ರ ಜುಲೈ 6ರಂದು ಸಿಂಗಪುರದಲ್ಲಿ ಲಂಡನ್ ಆತಿಥ್ಯ ಗೆದ್ದಾಗ ಆ ಪ್ರಯತ್ನದ ಮುಂದಾಳು ಸೆಬಾಸ್ಟಿಯನ್ ಕೋ ಪೂರ್ವ ಲಂಡನ್ನಿನ ಮಕ್ಕಳನ್ನು ಜೊತೆಗೆ ಕರೆದೊಯ್ದಿದ್ದರು. ಮಕ್ಕಳನ್ನು ಕ್ರೀಡೆಯತ್ತ ಸೆಳೆಯುತ್ತೇವೆಂಬ ಮಾತಿನ ಮೇಲೆಯೇ ಅವರು ಆತಿಥ್ಯ ಕೇಳಿದ್ದು. 2012ರ ಬೇಸಿಗೆ ಮುಗಿದು ಪದಕಗಳ ಸಂಭ್ರಮ ಇಳಿಯುವಷ್ಟರಲ್ಲಿ, ಆ ಮಾತು ಎಲ್ಲಿಗೆ ಬಂತು ಎಂಬ ಪ್ರಶ್ನೆ ಎದ್ದಿತು. ಉತ್ತರವಾಗಿ 2013ರ ಮಾರ್ಚಿನಲ್ಲಿ ಪ್ರಧಾನಿ ಡೇವಿಡ್ ಕ್ಯಾಮೆರಾನ್ ಹೊಸ ಅನುದಾನ ಘೋಷಿಸಿದರು: ಆ ಸೆಪ್ಟೆಂಬರಿನಿಂದ ವರ್ಷಕ್ಕೆ 15 ಕೋಟಿ ಪೌಂಡ್, ಪ್ರಾಥಮಿಕ ಶಾಲೆಗಳ ಕೈಗೇ ನೇರವಾಗಿ. ಶಿಕ್ಷಣ, ಆರೋಗ್ಯ, ಸಂಸ್ಕೃತಿ ಮೂರೂ ಇಲಾಖೆಗಳು ಇದಕ್ಕೆ ಕೈಜೋಡಿಸಿದವು. 17ಕ್ಕಿಂತ ಕಡಿಮೆ ಮಕ್ಕಳಿದ್ದರೆ ತಲೆಗೆ 500 ಪೌಂಡ್. ಮಿಕ್ಕ ಶಾಲೆಗಳಿಗೆ 8,000, ಜೊತೆಗೆ ಮಗುವಿಗೆ ಐದು. ಮೊತ್ತ ಮೂರು ವರ್ಷದ ಹಿಂದೆ ಕಿತ್ತುಕೊಂಡದ್ದಕ್ಕೆ ಹತ್ತಿರ ಹತ್ತಿರವೇ ಇತ್ತು. ಆದರೆ ಹಿಂದೆ ಅದು ಶಾಲೆಗಳ ನಡುವೆ ಓಡಾಡುವ ಮನುಷ್ಯರಾಗಿ ಬರುತ್ತಿತ್ತು. ಈಗ ಸಾವಿರಾರು ಶಾಲೆಗಳ ಬ್ಯಾಂಕ್ ಖಾತೆಗೆ ಬಿಡಿಬಿಡಿಯಾಗಿ ಬಂದಿಳಿಯಿತು.

ಬಂದ ಹಣವನ್ನು ಮುಖ್ಯೋಪಾಧ್ಯಾಯರು ಏನು ಮಾಡಿದರು? ಇದು ಅರ್ಥವಾಗಬೇಕಾದರೆ ಅಲ್ಲಿನ ಪ್ರಾಥಮಿಕ ಶಾಲೆಯ ಒಳಗನ್ನು ನೋಡಬೇಕು. ನಮ್ಮ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಕೆಲವು ಕಡೆಯಾದರೂ ಇರುವ ಪಿ.ಟಿ. ಮೇಷ್ಟ್ರು ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಓದು, ಲೆಕ್ಕ, ಚಿತ್ರಕಲೆ ಕಲಿಸುವ ಕ್ಲಾಸ್ ಟೀಚರೇ ಜಿಮ್ನಾಸ್ಟಿಕ್ಸನ್ನೂ ಕಲಿಸಬೇಕು. ಆಕೆಯ ತರಬೇತಿ ವರ್ಷದಲ್ಲಿ ದೈಹಿಕ ಶಿಕ್ಷಣಕ್ಕೆ ಸಿಕ್ಕಿರುವುದು ಕೆಲವೇ ಗಂಟೆ. ಏಳು ವರ್ಷದ ಮೂವತ್ತು ಮಕ್ಕಳನ್ನು ಹಾಲ್‌ನಲ್ಲಿ ಬಿಟ್ಟು, ಒಬ್ಬರಿಗೂ ಏಟಾಗದಂತೆ, ಒಬ್ಬರೂ ಮೂಲೆಯಲ್ಲಿ ನಿಲ್ಲದಂತೆ ಲಾಗ ಹಾಕಿಸುವುದು ಪುಸ್ತಕ ಓದಿ ಬರುವ ವಿದ್ಯೆ ಅಲ್ಲ. ಅವಳಿಗೆ ಅಳುಕು ಸಹಜ. ಇದರ ಜೊತೆಗೆ 2005ರಿಂದ ಇಂಗ್ಲೆಂಡಿನ ಶಿಕ್ಷಕರಿಗೆ ಬೋಧನಾ ಸಮಯದ ಶೇ 10ರಷ್ಟನ್ನು ಪಾಠದ ತಯಾರಿಗೆ, ಮೌಲ್ಯಮಾಪನಕ್ಕೆ ಬಿಟ್ಟುಕೊಡುವುದು ಕಡ್ಡಾಯವಾಗಿತ್ತು. ಅದು ನ್ಯಾಯವೇ. ಆದರೆ ಆ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಹೊರಗಿನಿಂದ ಬರುವ ಕೋಚ್. ಪ್ರೀಮಿಯಂ ಬರುವ ಮೊದಲೇ ಈ ವಹಿವಾಟು ಬೆಳೆದಿತ್ತು. ಹಣ ಬಂದ ಮೇಲೆ ಇನ್ನಷ್ಟು ಕೊಬ್ಬಿತು. ಕೋಚ್ ಮೈದಾನದಲ್ಲಿ ಫುಟ್‌ಬಾಲ್ ಆಡಿಸುತ್ತಾನೆ, ಟೀಚರ್ ಒಳಗೆ ನೋಟ್‌ಬುಕ್ ತಿದ್ದುತ್ತಾಳೆ. ವರ್ಷ ಮುಗಿದಾಗ ಕೋಚ್ ತನ್ನ ಚೆಂಡಿನ ಚೀಲ ಎತ್ತಿಕೊಂಡು ಹೊರಡುತ್ತಾನೆ. ಟೀಚರಿನ ಅಳುಕು ಹಾಗೇ ಉಳಿಯುತ್ತದೆ.

ಇಲಾಖೆಗೆ ಇದು ಗೊತ್ತಾಗಲಿಲ್ಲ ಎಂದಲ್ಲ. ಶಿಕ್ಷಕರ ತಯಾರಿ ಸಮಯ ಭರ್ತಿಮಾಡಲು ಈ ಹಣ ಬಳಸಬಾರದು, ಇಂದಿನ ಸುಧಾರಣೆ ನಾಳಿನ ಮಕ್ಕಳಿಗೂ ಉಳಿಯಬೇಕು ಎಂದು ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಉಳಿಯುವಂಥದ್ದನ್ನು ಕಟ್ಟಲು ನಾಳೆ ಹಣ ಬರುತ್ತದೆಂಬ ಖಾತ್ರಿ ಬೇಕು. ವರ್ಷದಿಂದ ವರ್ಷಕ್ಕೆ ನವೀಕರಣವಾದ ಈ ಅನುದಾನ ಮುಂದುವರಿಯುತ್ತದೋ ಇಲ್ಲವೋ ಎಂಬುದು 2020 ಮತ್ತು 2021ರಲ್ಲಿ ತಿಳಿದದ್ದೇ ಜೂನ್–ಜುಲೈನಲ್ಲಿ. ಅಲ್ಲಿ ಹೊಸ ಶಾಲಾ ವರ್ಷ ಸೆಪ್ಟೆಂಬರಿಗೆ ಶುರು. ಇಂಥ ಅನಿಶ್ಚಯದಲ್ಲಿ ಮುಖ್ಯೋಪಾಧ್ಯಾಯಿನಿಯೊಬ್ಬಳು ಒಬ್ಬ ನುರಿತ ಶಿಕ್ಷಕನನ್ನು ಕಾಯಂ ಮಾಡಿಕೊಳ್ಳಲು ಧೈರ್ಯ ಮಾಡುವುದು ಹೇಗೆ? ಒಂದು ವರ್ಷಕ್ಕೆ ಸಿಗುವ ಹಣ ಒಂದು ವರ್ಷಕ್ಕೆ ಸಿಗುವ ವಸ್ತುಗಳನ್ನೇ ಕೊಳ್ಳುತ್ತದೆ: ಕೋಚಿನ ಗುತ್ತಿಗೆ, ಒಂದಿಷ್ಟು ಸಾಮಾನು, ಸ್ಪರ್ಧೆಗೆ ಬಸ್ ಬಾಡಿಗೆ.

2016ರ ಮಾರ್ಚಿನ ಬಜೆಟ್ಟಿನಲ್ಲಿ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಸಕ್ಕರೆ ಬೆರೆತ ತಂಪು ಪಾನೀಯಗಳ ಮೇಲೆ ತೆರಿಗೆ ಘೋಷಿಸಿ, ಅದರ ಹಣದಿಂದ ಶಾಲಾ ಕ್ರೀಡೆಯ ಅನುದಾನವನ್ನು ಇಮ್ಮಡಿಗೊಳಿಸುತ್ತೇನೆ ಎಂದರು. 2018ರ ಏಪ್ರಿಲ್ 6ರಿಂದ ತೆರಿಗೆ ಜಾರಿ: 100 ಮಿಲಿಲೀಟರಿನಲ್ಲಿ ಐದು ಗ್ರಾಂ ಸಕ್ಕರೆ ಮುಟ್ಟಿದರೆ ಆಗ ಲೀಟರಿಗೆ 18 ಪೆನ್ಸ್, ಎಂಟು ಮುಟ್ಟಿದರೆ 24. ಅದಕ್ಕೂ ಮೊದಲೇ, 2017ರ ಸೆಪ್ಟೆಂಬರಿನಿಂದ ಶಾಲೆಗಳಿಗೆ ವರ್ಷಕ್ಕೆ 32 ಕೋಟಿ ಪೌಂಡ್ ಹರಿಯಿತು. ಇಲ್ಲಿ ಆದದ್ದು ಅಚ್ಚರಿಯ ಸಂಗತಿ. ತೆರಿಗೆ ತಪ್ಪಿಸಿಕೊಳ್ಳಲು ಕಂಪನಿಗಳು ಪಾನೀಯದ ಸಕ್ಕರೆಯನ್ನೇ ಇಳಿಸಿದವು. ಮೊದಲ ವರ್ಷ 52 ಕೋಟಿ ಬರಬಹುದೆಂದು ಹಾಕಿದ ಅಂದಾಜಿನ ಅರ್ಧವೂ ಕೈಸೇರಲಿಲ್ಲ. ಸರ್ಕಾರ ಪ್ರೀಮಿಯಂ ಮೊತ್ತವನ್ನು ಮಾತ್ರ ಕಡಿತ ಮಾಡಲಿಲ್ಲ, ಅದು ಮೆಚ್ಚಬೇಕಾದ ನಡೆ. ಆದರೂ ಮಕ್ಕಳ ಆಟದ ಖರ್ಚನ್ನು, ಕಡಿಮೆಯಾಗಲಿ ಎಂದೇ ಹಾಕಿದ ತೆರಿಗೆಗೆ ಕಟ್ಟಿಹಾಕುವುದು ಸರಿಯಾದ ತಳಪಾಯವಲ್ಲ. ಓದು ಬರಹದ ಖರ್ಚಿಗೆ ಯಾರೂ ಹೀಗೆ ಆದಾಯದ ಮೂಲ ಹುಡುಕಿಕೊಂಡು ಹೋಗುವುದಿಲ್ಲ.

ಹತ್ತು ವರ್ಷದಲ್ಲಿ ಸುಮಾರು 250 ಕೋಟಿ ಪೌಂಡ್ ಖರ್ಚಾಯಿತು. ಮಕ್ಕಳು ಹೆಚ್ಚು ಓಡಿದರೇ? ಮೊದಲ ವರ್ಷಗಳಿಗೆ ದೇಶವಿಡೀ ಒಂದೇ ಅಳತೆಗೋಲು ಇರಲಿಲ್ಲ, ಇದೇ ದೊಡ್ಡ ಲೋಪ. ಸ್ಪೋರ್ಟ್ ಇಂಗ್ಲೆಂಡಿನ ಸಮೀಕ್ಷೆ ಶುರುವಾದ 2017–18ರಲ್ಲಿ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಸುವ ಮಕ್ಕಳು ಶೇ 43ರಷ್ಟಿದ್ದರು. ಮರುವರ್ಷ ಶೇ 47ರ ಹತ್ತಿರ ಬಂದು, ಕೋವಿಡ್‌ನಲ್ಲಿ ಇಳಿದು, ಮತ್ತೆ ಅಲ್ಲಿಗೇ ಬಂದು ನಿಂತರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಇನ್ನೂ ಆ ಗೆರೆಯ ಈಚೆಗಿದ್ದಾರೆ. ಇದಕ್ಕೊಂದು ನ್ಯಾಯವಾದ ಆಕ್ಷೇಪವಿದೆ. ಆ 60 ನಿಮಿಷದಲ್ಲಿ ಶಾಲೆಯ ಪಾಲೆಂದು ಸರ್ಕಾರ ಗೊತ್ತುಮಾಡಿದ್ದು 30 ಮಾತ್ರ. ಉಳಿದದ್ದು ಮನೆ, ಬೀದಿ, ಪಾರ್ಕಿನದ್ದು. ಫೋನಿನ ಯುಗದಲ್ಲಿ ಇಷ್ಟಾದರೂ ಉಳಿದಿರುವುದಕ್ಕೆ ಈ ಹಣವೇ ಕಾರಣವಿರಬಹುದು. ಈ ಮಾತನ್ನು ತಳ್ಳಿಹಾಕಲಾರೆ, ಹಾಗಾಗಿಯೇ ಅನುದಾನ ನಿಲ್ಲಿಸಿ ಎನ್ನುವವರ ಜೊತೆ ನಾನಿಲ್ಲ. ಆದರೆ ಅದೇ ಸಮೀಕ್ಷೆ ವರ್ಷವೂ ತೋರಿಸುವ ಇನ್ನೊಂದು ಸಂಗತಿ, ಬಡ ಮನೆಗಳ ಮಕ್ಕಳು ಉಳ್ಳವರ ಮಕ್ಕಳಿಗಿಂತ ಕಡಿಮೆ ಆಡುತ್ತಾರೆ ಎಂಬುದು. ಶ್ರೀಮಂತ ಬಡಾವಣೆಯ ಮಗುವಿಗೆ ಈಜು ಕ್ಲಾಸು, ಟೆನಿಸ್ಸು ಅಪ್ಪ ಅಮ್ಮನ ಜೇಬಿನಿಂದ ಸಿಗುತ್ತದೆ. ಬಡ ಬಡಾವಣೆಯ ಮಗುವಿಗೆ ಶಾಲೆಯೇ ಎಲ್ಲ. ಇಬ್ಬರ ಶಾಲೆಗೂ ಒಂದೇ ಲೆಕ್ಕದಲ್ಲಿ ಹಣ ಹಂಚುವುದು ಸಮಾನತೆಯಂತೆ ಕಂಡರೂ ಅಂತರವನ್ನು ಹಾಗೇ ಕಾಯ್ದಿಡುತ್ತದೆ. 2011ರಲ್ಲೇ ಬಂದ ಪ್ಯೂಪಿಲ್ ಪ್ರೀಮಿಯಂ ಎಂಬ ಇನ್ನೊಂದು ಅನುದಾನ ಬಡ ಮಕ್ಕಳನ್ನೇ ಗುರುತಿಸಿ ಹೋಗುತ್ತದೆ. ದಾರಿ ಗೊತ್ತಿತ್ತು, ಆಟದ ವಿಷಯಕ್ಕೆ ಬಂದಾಗ ಹಿಡಿಯಲಿಲ್ಲ.

ಹಣವೇ ಬೇಡ ಎನ್ನುವವರು ಸ್ಕಾಟ್ಲೆಂಡಿನತ್ತ ಕೈ ತೋರುತ್ತಾರೆ. ಸ್ಟರ್ಲಿಂಗ್ ನಗರದ ಸೇಂಟ್ ನಿನಿಯನ್ಸ್ ಪ್ರಾಥಮಿಕ ಶಾಲೆಯಲ್ಲಿ 2012ರ ಫೆಬ್ರುವರಿಯಲ್ಲಿ ಮುಖ್ಯೋಪಾಧ್ಯಾಯಿನಿ ಎಲೇನ್ ವೈಲಿ ಶುರು ಮಾಡಿದ ಡೈಲಿ ಮೈಲ್‌ಗೆ ಕಾಸು ಬೇಕಿರಲಿಲ್ಲ: ದಿನಕ್ಕೆ 15 ನಿಮಿಷ, ತೊಟ್ಟ ಬಟ್ಟೆಯಲ್ಲೇ, ಹೊರಗೆ ಓಟ ಅಥವಾ ನಡಿಗೆ. ಮಕ್ಕಳ ದೇಹಬಲ ಸುಧಾರಿಸಿದ್ದನ್ನು ಸ್ಟರ್ಲಿಂಗ್ ಮತ್ತು ಎಡಿನ್‌ಬರೋ ವಿಶ್ವವಿದ್ಯಾಲಯಗಳ ಸಂಶೋಧಕರು 2018ರಲ್ಲಿ ಪ್ರಕಟಿಸಿದರು. ಪ್ರತಿ ಶಾಲೆಯೂ ಮಾಡಬೇಕಾದದ್ದೇ ಇದು. ಆದರೆ ಓಡುವುದು ದೈಹಿಕ ಶಿಕ್ಷಣದ ಒಂದು ತುಣುಕು. ಇಂಗ್ಲೆಂಡಿನ ಪಠ್ಯಕ್ರಮ ಪ್ರಾಥಮಿಕ ಶಾಲೆ ಬಿಡುವ ಮಗು 25 ಮೀಟರ್ ಈಜಬೇಕು ಎನ್ನುತ್ತದೆ. ಚೆಂಡು ಹಿಡಿಯುವುದು, ಸಮತೋಲ ಸಾಧಿಸುವುದು, ಬಿದ್ದು ಏಳುವುದು, ಜೊತೆಯವನ ಜೊತೆ ಹೊಂದಿಕೊಂಡು ಆಡುವುದು ಕಲಿಸದೆ ಬರುವುದಿಲ್ಲ. ಅದಕ್ಕೆ ಕಲಿಸುವವರು ಬೇಕು. ಮತ್ತೆ ಮಾತು ಅಲ್ಲಿಗೇ ಬಂತು.

ನಮ್ಮಲ್ಲಿ ಪ್ರಶ್ನೆ ಇನ್ನೂ ಮೊದಲ ಮೆಟ್ಟಿಲಲ್ಲಿದೆ. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೆ ಕ್ರೀಡಾ ಸಾಮಗ್ರಿಗೆಂದು ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿ ಗೊತ್ತುಮಾಡಿತು. ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆನ್ನುತ್ತದೆ. ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಅದು ಹೇಳುವುದು ಆರರಿಂದ ಎಂಟನೇ ತರಗತಿಗೆ, ಅದೂ 100ಕ್ಕಿಂತ ಹೆಚ್ಚು ಮಕ್ಕಳಿದ್ದಾಗ. ಐದನೇ ತರಗತಿವರೆಗಿನ ಮಗುವಿಗೆ ಕಾನೂನು ಚೆಂಡು ಕೊಡಿಸುತ್ತದೆ, ಆಡಿಸುವವರನ್ನು ಕೊಡಿಸುವುದಿಲ್ಲ. ಇಲ್ಲಿ ಅನುದಾನ ಹೆಚ್ಚಿಸಿ ಎಂದು ಕೇಳುವವರು, ನಾನೂ ಸೇರಿ, ಇಂಗ್ಲೆಂಡಿನ ಕಥೆಯ ಮೊದಲ ಅಧ್ಯಾಯವನ್ನು ಓದಿ ಕೇಳುವುದು ಒಳ್ಳೆಯದು. ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರಿಗೆ ವಾರದಲ್ಲಿ ಒಂದು ದಿನ ಬಿಡುವು ಕೊಟ್ಟು ಸುತ್ತಲಿನ ಕಿರಿಯ ಪ್ರಾಥಮಿಕ ಶಾಲೆಗಳಿಗೆ ಕಳಿಸುವ ಏರ್ಪಾಡು ಕ್ಲಸ್ಟರ್ ವ್ಯವಸ್ಥೆ ಇರುವ ನಮ್ಮಲ್ಲಿ ಕಷ್ಟವಾಗಬಾರದು.

ಇಂಗ್ಲೆಂಡಿನಲ್ಲಿ ಮುಂದಿನ ತಿರುವಿಗೂ ಮೈದಾನದ ಗೆಲುವೇ ಬೇಕಾಯಿತು. 2022ರ ಜುಲೈನಲ್ಲಿ ಯುರೋಪಿಯನ್ ಫುಟ್‌ಬಾಲ್ ಪ್ರಶಸ್ತಿ ಗೆದ್ದ ಮಹಿಳಾ ತಂಡದ ಆಟಗಾರ್ತಿಯರು ಕೆಲವೇ ದಿನಗಳಲ್ಲಿ ಸರ್ಕಾರಕ್ಕೆ ಪತ್ರ ಬರೆದು, ಶಾಲೆಯಲ್ಲಿ ಪ್ರತಿ ಹುಡುಗಿಗೂ ಫುಟ್‌ಬಾಲ್ ಆಡಲು ಸಿಗಬೇಕು, ವಾರಕ್ಕೆ ಎರಡು ಗಂಟೆ ದೈಹಿಕ ಶಿಕ್ಷಣ ಇರಬೇಕು ಎಂದು ಕೇಳಿದರು. 2023ರ ಮಾರ್ಚಿನಲ್ಲಿ ಪ್ರೀಮಿಯಂಗೆ ಒಟ್ಟಿಗೇ ಎರಡು ವರ್ಷದ ಖಾತ್ರಿ ಸಿಕ್ಕಿತು, 60 ಕೋಟಿಗೂ ಹೆಚ್ಚು ಪೌಂಡ್. 2025ರ ಜೂನಿನಲ್ಲಿ ಲೇಬರ್ ಸರ್ಕಾರ ಇನ್ನೊಂದು ಘೋಷಣೆ ಮಾಡಿತು: ಶಾಲೆಗಳನ್ನು, ಕ್ಲಬ್ಬುಗಳನ್ನು, ಕ್ರೀಡಾ ಸಂಸ್ಥೆಗಳನ್ನು ಬೆಸೆಯುವ ಹೊಸ ಪಾಲುದಾರಿಕೆಯ ಜಾಲ. ಹಳೆಯ ಜಾಲಕ್ಕೆ ಹಣ ನಿಲ್ಲಿಸಿದ ಪತ್ರಕ್ಕೆ ಆಗ ಹದಿನೈದು ವರ್ಷ ತುಂಬುತ್ತಿತ್ತು. ಆ ಪತ್ರ ಬಂದ ವರ್ಷ ಮೊದಲ ತರಗತಿಗೆ ಸೇರಿದ್ದ ಮಗು ಈಗ ಮತ ಹಾಕುವ ವಯಸ್ಸಿನದು.